ಮತ್ತಿ ಮರದ ಅಚ್ಚು

ನಮ್ಮ ಮನೆಯಲ್ಲಿರುವ ಕೆಲವು ಚಿತ್ರಗಳನ್ನು ಯಾರೂ ಬಿಡಿಸಿಲ್ಲ. ಹೀಗೆಂದರೆ ನೀವು ನನ್ನನ್ನು ಒಂದು ಥರ ನೋಡುತ್ತೀರಿ ಎಂದು ಗೊತ್ತು. ನನ್ನ ಗಂಡ ವಿನ್ಸೆಂಟ್ ಕೂಡ ಮೊದಮೊದಲು ಹಾಗೇ ನೋಡುತ್ತಿದ್ದರು. ವಿಷಯ ಇಷ್ಟೇ. ಮಳೆಗಾಲದಲ್ಲಿ ಅಣಬೆಯ ಕೊಡೆಯನ್ನು ದಂಟಿನಿಂದ ಬಿಡಿಸಿ, ಬಿಳಿ ಹಾಳೆಯ ಮೇಲೆ ಬೋರಲು ಹಾಕಿ, ಮೇಲೊಂದು ಬಟ್ಟಲು ಮುಚ್ಚಿಟ್ಟು ಮಲಗಿಬಿಡಬೇಕು. ಬೆಳಿಗ್ಗೆ ಬಟ್ಟಲು ಎತ್ತಿದರೆ ಹಾಳೆಯ ಮೇಲೆ ಕೂದಲೆಳೆಯಂಥ ಗೆರೆಗಳ ಕಂದು ಚಕ್ರವೊಂದು ಕೂತಿರುತ್ತದೆ. ಅಣಬೆ ತನ್ನ ಪುಡಿಯನ್ನು ತಾನೇ ಉದುರಿಸಿ ಬರೆದುಕೊಂಡದ್ದು ಅದು. ಇದು ವಿಜ್ಞಾನ; ಏಳನೇ ತರಗತಿಗೆ ನಾನೇ ಪಾಠ ಮಾಡುತ್ತೇನೆ. ಆದರೂ ಬೆಳಗಿನ ಮಬ್ಬಿನಲ್ಲಿ, ಸ್ಟೌ ಹಚ್ಚುವ ಮುಂಚೆ, ಆ ಬಟ್ಟಲು ಎತ್ತುವಾಗ ನನ್ನ ಕೈ ಪ್ರತಿಸಲವೂ ಒಂದು ಕ್ಷಣ ತಡೆಯುತ್ತದೆ. ನಾವೆಲ್ಲ ಮಲಗಿದ್ದಾಗ ನಮ್ಮದೇ ಅಡುಗೆಮನೆಯಲ್ಲಿ ಏನೋ ಎಚ್ಚರವಾಗಿದ್ದು ಕೆಲಸ ಮುಗಿಸಿದೆ ಎನ್ನುವುದು ಅಷ್ಟೇನೂ ಹಿತವಾದ ಯೋಚನೆಯಲ್ಲ.

ಆದರೆ ಮಗು ಇರುವ, ಶಾಲೆಗೂ ಹೋಗಬೇಕಾದ ಹೆಂಗಸಿಗೆ ಇದಕ್ಕಿಂತ ಹೊಂದುವ ಕಲೆ ಮತ್ತೊಂದಿಲ್ಲ. ಮುಚ್ಚಿಟ್ಟು ಮಲಗುವುದು, ಎದ್ದು ನೋಡುವುದು. ಒಮ್ಮೆ ವಿನ್ಸೆಂಟ್ ಚಟ್ನಿ ಇರಬೇಕೆಂದು ಆ ಬಟ್ಟಲನ್ನು ಎತ್ತಿ, ದೋಸೆಯ ಚೂರು ಕೈಯಲ್ಲಿ ಹಿಡಿದುಕೊಂಡೇ ನಿಂತುಬಿಟ್ಟಿದ್ದರು. "ಇದು ತಿನ್ನೋದಾ, ನೋಡೋದಾ?" ಎಂದು ಕೇಳಿದರು. ನೋಡುವುದು ಎಂದೆ. ನೋಡಿದರು. ಆಮೇಲೆ ದೋಸೆಯನ್ನು ಸಕ್ಕರೆಗೆ ಅದ್ದಿಕೊಂಡು ತಿಂದು ಕೆಲಸಕ್ಕೆ ಹೋದರು. ಒಳ್ಳೆಯ ಮನುಷ್ಯ.

ಅವರು ಆಲೂರು ಮತ್ತು ಸಕಲೇಶಪುರದ ನಡುವಿನ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಬೆಳಿಗ್ಗೆ ಆಳುಗಳ ಹಾಜರಿ ಹಾಕುವುದು, ಯಾರು ತೋಟದ ಯಾವ ಪಟ್ಟೆಗೆ ಹೋಗಬೇಕೆಂದು ಹೇಳುವುದು, ಸ್ಟೋರಿನ ಬೀಗದ ಕೈ ಕಾಯುವುದು ಅವರ ಕೆಲಸ. ಅವರ ಅಜ್ಜನ ಕಾಲದಲ್ಲೇ ಮಂಗಳೂರಿನ ಕಡೆಯಿಂದ ಘಟ್ಟ ಹತ್ತಿ ಬಂದ ಕುಟುಂಬ. ನಾನು ಮದುವೆಯಾಗಿ ಹತ್ತಿದೆ. ಎಸ್ಟೇಟಿನ ಕ್ವಾರ್ಟರ್ಸಿನಲ್ಲಿ ನಮ್ಮ ಮನೆ. ಬೆಳಿಗ್ಗೆ ಮಗಳು ಜೀನಾಳನ್ನು ಕರೆದುಕೊಂಡು ಬಸ್ ಹಿಡಿದು ಆಲೂರಿನ ಶಾಲೆಗೆ ಹೋಗುತ್ತೇನೆ; ಅಲ್ಲಿ ನಾನು ವಿಜ್ಞಾನದ ಮಿಸ್, ಅವಳು ಒಂದನೇ ತರಗತಿ. ಮನೆಯಲ್ಲಿ ನಮ್ಮದು ಕೊಂಕಣಿ. ಆದರೆ ಶಾಲೆಗೆ ಸೇರಿದ ಮೇಲೆ ಜೀನಾಳ ಬಾಯಲ್ಲಿ ಕನ್ನಡವೇ ಮುಂದೆ ಬರುತ್ತದೆ, ಅದೂ ಅಪ್ಪಟ ಆಲೂರಿನ ಕನ್ನಡ. ಊರಿನಿಂದ ಬಂದ ನನ್ನ ತಾಯಿಗೆ "ಅಜ್ಜಿ, ಊಟ ಐತೆ, ಉಣ್ಣಕ್ಕೆ ಬಾ" ಎಂದಳು. ಅಮ್ಮ ನನ್ನ ಮುಖ ನೋಡಿದರು.

ಡ್ರಾಯಿಂಗ್ ಮಾಸ್ತರರು ನಿವೃತ್ತರಾದ ಮೇಲೆ ಆ ಪೀರಿಯಡ್ ನನ್ನ ಕೊರಳಿಗೆ ಬಿತ್ತು. "ನೀವು ಹೇಗೂ ಎಲೆಗಿಲೆ ಬಿಡಿಸುತ್ತೀರಲ್ಲ" ಎಂದರು ಹೆಡ್ ಮಿಸ್. ಗಿಲೆ ಎನ್ನುವ ಮಾತಿನಲ್ಲಿ ನನ್ನ ಇಡೀ ಕಲಾಜೀವನ ಅಡಕವಾಗಿತ್ತು. ಹೊಸ ಹುರುಪಿನಲ್ಲಿ ಒಂದು ದಿನ ಬೆಳ್ಳಿ ಜರೀಗಿಡದ ಎಲೆಗಳನ್ನು ಒಯ್ದೆ. ಇದರ ಎಲೆಯ ಅಡಿಭಾಗದಲ್ಲಿ ಬಿಳಿಯ ಪುಡಿ ಇರುತ್ತದೆ. ಕೈಯ ಹಿಂಭಾಗದ ಮೇಲಿಟ್ಟು ಒಮ್ಮೆ ಬಡಿದರೆ ಎಲೆ ಹೋಗಿ ಎಲೆಯ ಬಿಳಿ ನೆರಳು ಉಳಿಯುತ್ತದೆ. ಆರನೇ ತರಗತಿಯ ಮಕ್ಕಳು ಕೈಗೆ ಹಾಕಿಕೊಂಡು ಸುಮ್ಮನಾಗಲಿಲ್ಲ. ಒಬ್ಬರ ಬೆನ್ನಿಗೆ ಒಬ್ಬರು ಹಾಕಿದರು. ಸಂಜೆಯ ಪ್ರಾರ್ಥನೆಗೆ ಸಾಲಾಗಿ ನಿಂತಾಗ ನೀಲಿ ಸ್ವೆಟರುಗಳ ಮೇಲೆ ಬೆನ್ನೆಲುಬು ಮೂಡಿದಂತೆ ಬಿಳಿ ಜರೀಗಳು. ಮೈದಾನದಲ್ಲಿ ಮಂಜು ಇಳಿಯುತ್ತಿತ್ತು. ಹಿಂದಿನಿಂದ ನೋಡಿದರೆ ಮಕ್ಕಳು ಮಾಯವಾಗಿ ಮೂಳೆಗಳು ಮಾತ್ರ ರಾಷ್ಟ್ರಗೀತೆಗೆ ನಿಂತಂತೆ ಕಾಣುತ್ತಿತ್ತು. ನನಗೆ ಮೈ ಜುಂ ಎಂದಿತು. ಹೆಡ್ ಮಿಸ್‌ಗೆ ಸ್ವೆಟರುಗಳನ್ನು ಯಾರು ಒಗೆಯುತ್ತಾರೆ ಎಂಬ ಚಿಂತೆ.

ಟೀಚರರ ಮಕ್ಕಳಿಗೆ ಒಂದು ಕಷ್ಟವಿದೆ, ನಿಮಗೆ ಗೊತ್ತಿರಬಹುದು. ಅಮ್ಮ ಪಾಠ ಮಾಡುವ ಶಾಲೆಯಲ್ಲಿ ಅಮ್ಮನನ್ನು ಅಮ್ಮ ಎನ್ನುವಂತಿಲ್ಲ. ಮಿಸ್ ಎನ್ನಬೇಕು. ಏನಾದರೂ ಬೇಕಾದರೆ ಉಳಿದವರಂತೆ ಕೈ ಎತ್ತಬೇಕು, ಮಿಸ್ ನೋಡಿ "ಹೂಂ, ಹೇಳು" ಎಂದ ಮೇಲೆ ಬಾಯಿ ಬಿಡಬೇಕು. ಜೀನಾ ಇದನ್ನು ಮೊದಲ ವಾರವೇ ಕಲಿತಳು. ಬಿದ್ದು ಮೊಣಕಾಲು ತರಚಿಕೊಂಡು ಬಂದವಳು ಸ್ಟಾಫ್ ರೂಮಿನ ಬಾಗಿಲಲ್ಲಿ ಕೈ ಎತ್ತಿ ನಿಂತಿದ್ದಳು, ಕಣ್ಣಲ್ಲಿ ನೀರು, ಬಾಯಿಗೆ ಬೀಗ. ಉಳಿದ ಮಿಸ್‌ಗಳೆಲ್ಲ "ಎಷ್ಟು ಶಿಸ್ತು ನೋಡಿ" ಎಂದರು. ನನಗೆ ಹೆಮ್ಮೆಯಾಯಿತು. ಈ ಶಿಸ್ತು ಮನೆಯಲ್ಲೂ ಇದ್ದರೆ ಎಷ್ಟು ಚೆನ್ನ ಎಂದು ಅವತ್ತೇ ಅನ್ನಿಸಿತು.

ಯಾಕೆಂದರೆ ನನಗೆ ಸಿಗುವ ಹೊತ್ತು ಬಹಳ ಕಡಿಮೆ. ಅನ್ನ ಬೇಯುವ ಹೊತ್ತು, ಬಸ್ಸಿಗೆ ಕಾಯುವ ಹೊತ್ತು, ಭಾನುವಾರ ಚರ್ಚಿನ ಪೂಜೆಗೆ ಹೊರಡುವ ಮುಂಚಿನ ಹೊತ್ತು. ಅದರಲ್ಲಿ ಒಂದು ಗೆರೆ ಎಳೆಯುವಷ್ಟರಲ್ಲಿ "ಅಮ್ಮಾ, ಇರುವೆಗೆ ಹಲ್ಲೈತಾ?" ಎಂಬ ಪ್ರಶ್ನೆ ಬರುತ್ತದೆ. ಇರುವೆಗೆ ದವಡೆ ಇದೆ ಎಂದು ವಿವರಿಸಿ ತಿರುಗುವಷ್ಟರಲ್ಲಿ ಕೈಯ ಹದ ಹೋಗಿರುತ್ತದೆ. ಹಾಗಾಗಿ ಒಂದು ಆಟ ಕಟ್ಟಿದೆ. ಅಮ್ಮ ಚಿತ್ರ ಮಾಡುವಾಗ ಅದು ಕ್ಲಾಸು. ಆಗ ಅಮ್ಮ ಅಮ್ಮನಲ್ಲ, ಮಿಸ್. ಮಾತಾಡಬೇಕೆಂದರೆ ಕೈ ಎತ್ತಬೇಕು, ಮಿಸ್ ತಿರುಗಿ ನೋಡುವವರೆಗೂ ಕಾಯಬೇಕು. ಜೀನಾಗೆ ಈ ಆಟ ಬಹಳ ಹಿಡಿಸಿತು. ನನಗೆ ಅವಳಿಗಿಂತ ಹೆಚ್ಚು.

ಹಳೇಬೀಡಿನ ಗುಡಿಯ ಗೋಡೆಯ ಬುಡದಲ್ಲಿ ಆನೆಗಳ ಸಾಲು ಇದೆಯಲ್ಲ, ಒಂದರಂತೆ ಒಂದಿಲ್ಲದ್ದು. ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದಾಗ ಅದರ ಮುಂದೆ ನಿಂತು ನಾನು ಯೋಚಿಸಿದ್ದು ಶಿಲ್ಪಿಯ ಕೈಚಳಕದ ಬಗ್ಗೆಯಲ್ಲ. ಇಷ್ಟು ಆನೆ ಕೆತ್ತುವಾಗ ಅವನ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಿದ್ದರು? ಅವನ ಹೆಂಡತಿಗೂ ಉಳಿ ಹಿಡಿಯಲು ಬರುತ್ತಿತ್ತೋ ಏನೋ. ಅವಳು ಕೆತ್ತಿದ್ದರೆ ಆ ಸಾಲಿನಲ್ಲಿ ಅಲ್ಲಲ್ಲಿ ಅರ್ಧಕ್ಕೆ ನಿಂತ ಆನೆಗಳಿರುತ್ತಿದ್ದವು.

ಆನೆಯ ಮಾತು ಬಂತು. ನಮ್ಮ ಕಡೆ ಆನೆಯ ಮಾತು ಬಾರದ ದಿನವಿಲ್ಲ. ಬೆಳಿಗ್ಗೆ ಹಲ್ಲುಜ್ಜುವಾಗಲೇ ಮೊಬೈಲಿಗೆ ಸಂದೇಶ ಬರುತ್ತದೆ: ಇಂಥ ಎಸ್ಟೇಟಿನ ಬಳಿ ಒಂಟಿ ಆನೆ, ಎಚ್ಚರ. ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ಟಿನ ಜೊತೆ ಅದನ್ನೂ ಹರಿದು ಕೊಡುತ್ತಾನೆ. ಹೆತ್ತೂರಿನಲ್ಲಿರುವ ನನ್ನ ನಾದಿನಿ ಫೋನಿನಲ್ಲಿ ಮೊದಲು ಆನೆ ವಿಚಾರಿಸಿ ಆಮೇಲೆ ನಮ್ಮ ಆರೋಗ್ಯ ವಿಚಾರಿಸುತ್ತಾಳೆ. ಹಾಗೆಂದು ಇದು ತಮಾಷೆಯಲ್ಲ. ಪಕ್ಕದ ಎಸ್ಟೇಟಿನಲ್ಲಿ ಬೆಳಿಗ್ಗೆ ಕೆಲಸಕ್ಕೆ ಹೊರಟ ಹೆಂಗಸೊಬ್ಬರು ಮಂಜಿನಲ್ಲಿ ಆನೆಗೆ ಸಿಕ್ಕಿ ಹಾಗೇ ಹೋಗಿಬಿಟ್ಟರು. ಹಿಂದೆ ಬರುತ್ತಿದ್ದವರಿಗೆ ಸದ್ದು ಕೂಡ ಕೇಳಿರಲಿಲ್ಲವಂತೆ.

ವಿಚಿತ್ರವೆಂದರೆ, ಇಷ್ಟು ವರ್ಷ ಇಲ್ಲಿದ್ದೂ ನಾನು ಆನೆಯನ್ನು ಕಂಡಿರಲಿಲ್ಲ. ಆನೆ ಮಾಡಿಹೋದ ಕೆಲಸಗಳನ್ನು ಮಾತ್ರ ಕಂಡಿದ್ದೆ. ಬೆಳಿಗ್ಗೆ ಎದ್ದರೆ ಬಾಳೆಯ ಗುಂಪು ನಿನ್ನೆಯಿದ್ದ ಜಾಗದಲ್ಲಿರುವುದಿಲ್ಲ. ಕಬ್ಬಿಣದ ಗೇಟು ಚರಂಡಿಯಲ್ಲಿ ಮಲಗಿರುತ್ತದೆ. ಗದ್ದೆಯ ನಡುವೆ ಬುಟ್ಟಿಯಗಲದ ಗುಂಡಿಗಳು ಸಾಲಾಗಿ ಹೋಗಿ, ಕಾಫಿಯ ಅಂಚಿನಲ್ಲಿ ನಿಂತುಬಿಡುತ್ತವೆ. ಯಾರೂ ನೋಡದಾಗ ತಾನೇ ಬರೆದುಕೊಂಡ ಚಿತ್ರ. ಅಣಬೆಗೂ ಆನೆಗೂ ಎಲ್ಲಿಗೆಲ್ಲಿಯ ಸಂಬಂಧ ಎನ್ನಬೇಡಿ. ಎರಡರ ಮುಂದೆಯೂ ನಾನು ಅದೇ ರೀತಿ ಕೈ ತಡೆದು ನಿಂತಿದ್ದೇನೆ.

ಮಳೆ ನಿಂತು ಅಣಬೆಯ ಕಾಲ ಮುಗಿದರೆ ನನ್ನದು ತೊಗಟೆಯ ಕಾಲ. ಮರಕ್ಕೆ ತೆಳ್ಳಗಿನ ಬಟ್ಟೆ ಬಿಗಿದು ಕಟ್ಟಿ, ಮೇಲೆ ಇದ್ದಿಲಿನ ಉಂಡೆಯಿಂದ ತಿಕ್ಕಿದರೆ ತೊಗಟೆಯ ಉಬ್ಬುತಗ್ಗೆಲ್ಲ ಬಟ್ಟೆಯ ಮೇಲೆ ಅಚ್ಚಾಗಿ ಮೂಡುತ್ತದೆ. ಮಕ್ಕಳು ನಾಣ್ಯದ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಗೀಚುತ್ತಾರಲ್ಲ, ಅದೇ. ಸವರಿ ಹಾಕಿದ ಕಾಫಿ ಕಡ್ಡಿಗಳನ್ನು ಡಬ್ಬಿಯಲ್ಲಿ ಮುಚ್ಚಿ ಸುಟ್ಟು ಇದ್ದಿಲು ಮಾಡುತ್ತೇನೆ. ಕರೆಂಟು ಹೋದಾಗ ಉರಿದು ಉಳಿದ ಮೇಣದಬತ್ತಿಯ ತುಂಡುಗಳನ್ನು ಕರಗಿಸಿ ಅದಕ್ಕೆ ಕಲಸುತ್ತೇನೆ. ಬಟ್ಟೆ ವಿನ್ಸೆಂಟರ ಹಳೆಯ ಪಂಚೆ. ಕೆಲವು ಪಂಚೆಗಳು ಅವರ ಲೆಕ್ಕದಲ್ಲಿ ಇನ್ನೂ ಹಳೆಯವಾಗಿರುವುದಿಲ್ಲ. ಆ ವಿಷಯ ಇಲ್ಲಿ ಬೇಡ.

ನಾನು ಹೀಗೆ ಮರ ತಬ್ಬಿಕೊಂಡು ತಿಕ್ಕುವುದನ್ನು ಲೈನಿನ ಗಿರಿಜಕ್ಕ ನೋಡಿ ನಗುತ್ತಿದ್ದಳು. ಲೈನೆಂದರೆ ಆಳುಗಳ ಮನೆಗಳ ಸಾಲು; ಅವಳು ಕಾಫಿ ಕಣದಲ್ಲಿ ಕೆಲಸ ಮಾಡುತ್ತಾಳೆ. "ಮಿಸ್ಸೇ, ಮರಕ್ಕೂ ಪಂಚೆ ಉಡಿಸ್ಬುಟ್ರಾ? ನಿಮ್ ಯಜಮಾನ್ರಿಗೆ ಒಂದಾದ್ರೂ ಮಡಗ್ರೀ" ಎಂದಳು. ಇನ್ನೊಂದು ದಿನ ನಗಲಿಲ್ಲ. "ಒಬ್ರೇ ಹೋಗ್ಬ್ಯಾಡಿ ಕಣ್ರೀ, ಮಂಜೈತೆ. ಅವು ಓಡಾಡ್ತಾವೆ" ಎಂದಳು. ಒಬ್ಬಳೇ ಅಲ್ಲ, ಜೀನಾ ಜೊತೆಗಿರುತ್ತಾಳೆ ಎಂದೆ. ಈಗ ಆ ಉತ್ತರವನ್ನು ನೆನೆಸಿಕೊಂಡರೆ ನನ್ನನ್ನೇ ಹಿಡಿದು ಅಲುಗಾಡಿಸಬೇಕು ಅನ್ನಿಸುತ್ತದೆ.

ಅದು ಭಾನುವಾರ. ತಗ್ಗಿನ ಗದ್ದೆಗಳಲ್ಲಿ ಭತ್ತ ಹಣ್ಣಾಗಿತ್ತು. ಕ್ವಾರ್ಟರ್ಸಿನಿಂದ ಸ್ವಲ್ಪ ಮೇಲೆ, ಕಾಫಿ ಪಟ್ಟೆಯ ಅಂಚಿನಲ್ಲಿ ಒಂದು ಮುದಿ ಮತ್ತಿ ಮರವಿದೆ. ಮತ್ತಿಯ ತೊಗಟೆ ಮೊಸಳೆಯ ಬೆನ್ನಿನ ಹಾಗೆ ಚೌಕ ಚೌಕವಾಗಿ ಒಡೆದಿರುತ್ತದೆ. ಬಹಳ ದಿನದಿಂದ ಅದರ ಮೇಲೆ ನನ್ನ ಕಣ್ಣಿತ್ತು. ವಿನ್ಸೆಂಟ್ ಸ್ಟೋರಿನ ಕಡೆ ಹೋಗಿದ್ದರು. ಮೊಬೈಲನ್ನು ಚಾರ್ಜಿಗೆ ಹಾಕಿ, ಜೀನಾಗೆ ಸ್ವೆಟರ್ ಟೋಪಿ ಹಾಕಿ, ಪೂಜೆಗೆ ಹೊರಡುವುದರೊಳಗೆ ಬಂದುಬಿಡೋಣ ಎಂದು ಹೊರಟೆ. ಮಂಜು ಇನ್ನೂ ಕರಗಿರಲಿಲ್ಲ. ಹತ್ತಿರದ ಸಿಲ್ವರ್ ಓಕ್ ಮರಗಳು ಕಾಣುತ್ತಿದ್ದವು, ಅವುಗಳ ಹಿಂದಿನವು ಇವೆ ಎಂದು ನಂಬಬೇಕಾಗಿತ್ತು.

ಮರದ ಕಾಂಡದ ಮೇಲೆ, ನನ್ನ ತಲೆಗಿಂತ ಎತ್ತರದಲ್ಲಿ, ಅಗಲವಾಗಿ ಮಣ್ಣು ಮೆತ್ತಿಕೊಂಡಿತ್ತು. ಗೆದ್ದಲು ಹತ್ತಿದೆ ಅಂದುಕೊಂಡೆ. ಪಂಚೆಯನ್ನು ಎತ್ತಿ ಆ ಮಣ್ಣಿನ ಮೇಲೂ ಬರುವಂತೆ ಹರವಿ ಹಗ್ಗ ಬಿಗಿದೆ. "ಕ್ಲಾಸು ಶುರು" ಎಂದೆ. ಜೀನಾ ಹಿಂದೆ ಬಂಡೆಯ ಪಕ್ಕ ನಿಂತಳು.

ತಿಕ್ಕತೊಡಗಿದೆ. ಆ ಮತ್ತಿಯ ಅಚ್ಚು ಬಟ್ಟೆಯ ಮೇಲೆ ಬರುತ್ತಿದ್ದ ರೀತಿಯನ್ನು ನಿಮಗೆ ಹೇಗೆ ಹೇಳಲಿ! ಚೌಕಗಳು ಒಂದರ ಪಕ್ಕ ಒಂದು ಕಪ್ಪಗೆ ಎದ್ದು ನಿಲ್ಲುತ್ತಿದ್ದವು. ಮೇಲೆ ಹೋದಂತೆ ಇನ್ನೊಂದು ಸೋಜಿಗ. ಬಟ್ಟೆ ಒಳಗಿನಿಂದ ಒದ್ದೆಯಾಗಿ, ನಾನು ಹಚ್ಚದೇ ಇದ್ದ ಒಂದು ಕೆಂಗಂದು ಬಣ್ಣ ನೂಲಿನಿಂದ ನೂಲಿಗೆ ಹರಡತೊಡಗಿತು. ಇಬ್ಬನಿಗೆ ಗೆದ್ದಲು ಮಣ್ಣು ನೆನೆದಿದೆ ಅಂದುಕೊಂಡು, ಇಂಥ ಬಣ್ಣ ಅಂಗಡಿಯಲ್ಲಿ ಸಿಗುತ್ತದೆಯೇ ಎಂದು ಹಿಗ್ಗಿದೆ. ತುದಿಗಾಲಲ್ಲಿ ನಿಂತು ಇನ್ನೂ ಮೇಲಕ್ಕೆ ತಿಕ್ಕಿದೆ. ಮಣ್ಣುನೀರು ಮೊಣಕೈವರೆಗೆ ಇಳಿಯಿತು, ತಣ್ಣಗೆ. ಹಕ್ಕಿಗಳು ಸುಮ್ಮನಾಗಿದ್ದವು. ಅದು ನನಗೆ ಗೊತ್ತಾಗಿತ್ತು, ಆದರೆ ಹಿತವಾಗಿಯೇ ಗೊತ್ತಾಗಿತ್ತು. ಎಷ್ಟು ನಿಶ್ಶಬ್ದ, ಎಷ್ಟು ಚೆನ್ನಾಗಿದೆ, ಮಗಳು ಎಷ್ಟು ಜಾಣೆ ಎಂದುಕೊಂಡೆ. ಎದೆಯೊಳಗೆ ಮಾತ್ರ ಏನೋ ಸಣ್ಣಗೆ ನಡುಗುತ್ತಿತ್ತು. ಅದನ್ನೂ ಸಂತೋಷ ಎಂದೇ ತಿಳಿದೆ.

ಕೈ ಸೋತು ತಿರುಗಿದೆ. ಜೀನಾ ಬಲಗೈಯಿಂದ ಎಡಗೈಯ ಮೊಣಕೈಯನ್ನು ಆನಿಸಿಕೊಂಡು, ಎಡಗೈ ಎತ್ತಿ ನಿಂತಿದ್ದಳು. ನನ್ನನ್ನು ನೋಡುತ್ತಿರಲಿಲ್ಲ.

"ಹೂಂ, ಹೇಳು" ಎಂದೆ.

"ಆನೆ ಐತೆ ಅಂತ ಹೇಳಕ್ಕೆ ಕೈ ಎತ್ತಿದ್ದೆ. ಈಗ ಹೋಗ್ಬುಡ್ತು."

ನನಗೆ ನಗು ಬಂತು. ಹಿಂದಿನ ವಾರ ಬಚ್ಚಲುಮನೆಗೆ ಹುಲಿ ಬಂದಿತ್ತಂತೆ. "ಎಲ್ಲಿತ್ತು?" ಎಂದೆ, ಆಟಕ್ಕೆ. ಅವಳು ಮತ್ತಿ ಮರದ ಆಚೆ, ಸಿಲ್ವರ್ ಓಕಿನ ಕಡೆ ತೋರಿಸಿದಳು. ಗಾಳಿ ಇರಲಿಲ್ಲ. ಮಂಜು ಕೂಡ ಅಲುಗುತ್ತಿರಲಿಲ್ಲ. ಅವಳು ತೋರಿಸಿದ ಜಾಗದಿಂದ ಇಳಿಜಾರಿನ ಕಡೆಗೆ ಕಾಫಿ ಗಿಡಗಳು ಒಂದಾದ ಮೇಲೊಂದು ಮೆಲ್ಲಗೆ ತೊನೆಯುತ್ತಿದ್ದವು. ಒಂದು ಕಡ್ಡಿ ಮುರಿದ ಸದ್ದಿಲ್ಲ. ಕೊನೆಯ ಗಿಡ ತೊನೆದು ನಿಂತಿತು, ಅದರಾಚೆ ಮಂಜು.

ಆಗ ವಾಸನೆ ಬಂತು. ಕೆರೆಯ ಕೆಸರಿನದು, ಒದ್ದೆ ಹುಲ್ಲಿನದು, ಅದರ ಕೆಳಗೆ ಬೆಚ್ಚಗಿನ ಇನ್ನೊಂದು. ಗೆದ್ದಲು ಕಟ್ಟಿದ ಮಣ್ಣು ಒದ್ದೆಯಾಗಿ ಸೋರುವುದಿಲ್ಲ. ಅದನ್ನೂ ನಾನೇ ಪಾಠ ಮಾಡುತ್ತೇನೆ.

ಮನೆ ಮುಟ್ಟಿದ್ದು ನೆನಪಿದೆ, ನಡೆದದ್ದು ಸರಿಯಾಗಿ ನೆನಪಿಲ್ಲ. ಓಡಬಾರದು ಎಂದು ಎಲ್ಲರೂ ಹೇಳುತ್ತಾರೆ, ಓಡಲಿಲ್ಲ. ಎತ್ತಿಕೊಳ್ಳುವ ವಯಸ್ಸು ದಾಟಿದ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡಿದ್ದೆ. ಅವಳು ಕಿವಿಯಲ್ಲಿ ಮೆಲ್ಲಗೆ ಮಾತಾಡುತ್ತಿದ್ದಳು: ಅದು ದೊಡ್ಡದಿತ್ತು, ಕಿವಿ ಕೂಡ ಆಡಿಸಲಿಲ್ಲ, ನನ್ನನ್ನು ನೋಡಲಿಲ್ಲ. "ನಿನ್ನ ಚಿತ್ರ ನೋಡ್ತಾ ಇತ್ತು ಅಮ್ಮ."

"ಎಷ್ಟು ಹೊತ್ತಿಂದ ಕೈ ಎತ್ತಿದ್ದೆ?" ಎಂದು ಕೇಳಿದೆ.

"ಈ ಕೈ ನೋವು ಬಂತು. ಆಮೇಲೆ ಈ ಕೈ ಎತ್ತಿದೆ" ಎಂದಳು.

ಅವಳು ಹೆದರಿ ಸುಮ್ಮನಿದ್ದಿದ್ದರೆ ನಾನು ಹೇಗೋ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಅವಳು ಹೆದರಿರಲಿಲ್ಲ. ಹೇಳಿಕೊಟ್ಟಂತೆ ನಡೆದುಕೊಂಡಿದ್ದಳು.

ಬಾಗಿಲಲ್ಲಿ ವಿನ್ಸೆಂಟ್ ನನ್ನ ಮೊಬೈಲ್ ಹಿಡಿದು ನಿಂತಿದ್ದರು, ಮುಖದಲ್ಲಿ ರಕ್ತವಿಲ್ಲ. ಸಂದೇಶ ಬಂದು ಬಹಳ ಹೊತ್ತಾಗಿತ್ತು. ನನ್ನ ಹೆಗಲ ಮೇಲೆ ಆ ಪಂಚೆ ಇತ್ತು. ಹಗ್ಗದ ಗಂಟನ್ನು ನಾನು ಯಾವಾಗ ಬಿಚ್ಚಿದೆನೋ ನನಗೆ ಈವತ್ತಿಗೂ ಗೊತ್ತಿಲ್ಲ. ಜೀನಾಗೆ ಗೊತ್ತಿತ್ತು. "ಅಮ್ಮ ಮೊದ್ಲು ಮರದ ಬಟ್ಟೆ ಬಿಚ್ಚಿದ್ಳು, ಆಮೇಲೆ ನನ್ನ ಎತ್ಕೊಂಡ್ಳು" ಎಂದು ಅಪ್ಪನಿಗೆ ವರದಿ ಒಪ್ಪಿಸಿದಳು, ದೂರಿನ ದನಿಯಲ್ಲಲ್ಲ. ವಿನ್ಸೆಂಟ್ ಮಗಳನ್ನು ಇಳಿಸಿಕೊಂಡರು. "ಸ್ನಾನ ಮಾಡು, ಪೂಜೆಗೆ ಹೊತ್ತಾಯ್ತು" ಎಂದರು. ಚರ್ಚಿನಲ್ಲಿ ಎಲ್ಲರೂ ಎದ್ದಾಗ ಎದ್ದೆ, ಕೂತಾಗ ಕೂತೆ. ಉಗುರಿನೊಳಗೆ ಆ ಕೆಂಗಂದು ಮಣ್ಣು ಹಾಗೇ ಇತ್ತು.

ಆನೆಗಳು ನಮಗೆ ಕೇಳದಷ್ಟು ತಗ್ಗಿನ ದನಿಯಲ್ಲಿ ಮಾತಾಡುತ್ತವೆ. ಶಬ್ದದ ಪಾಠ ಮಾಡುವಾಗ ಮಕ್ಕಳಿಗೆ ಇದನ್ನು ಹೇಳುತ್ತೇನೆ, ಅವರು ಕಣ್ಣರಳಿಸುತ್ತಾರೆ. ಹತ್ತಿರವಿದ್ದರೆ ಆ ದನಿ ಕಿವಿಗೆ ಬೀಳದೆ ಎದೆಗೆ ತಟ್ಟುತ್ತದಂತೆ. ಆ ನಡುಕವನ್ನು ನಾನು ಸಂತೋಷ ಎಂದುಕೊಂಡೆನಲ್ಲ, ಅದನ್ನು ಯಾರಿಗೆ ಹೇಳುವುದು? ಚಿತ್ರ ಚೆನ್ನಾಗಿ ಬರುವಾಗಲೆಲ್ಲ ನನ್ನೊಳಗೆ ಆ ಥರ ನಡುಗುತ್ತದೆ. ಇನ್ನು ಮೇಲೆ ಯಾವುದು ಯಾವುದೆಂದು ತಿಳಿಯುವುದು ಹೇಗೆ?

ಮಾರನೆಯ ದಿನ ಶಾಲೆಯಲ್ಲಿ ಪ್ರಶ್ನೆ ಕೇಳಿದೆ. ಆರನೇ ತರಗತಿಯ ಕೈಗಳೆಲ್ಲ ಮೇಲೆದ್ದವು. ಅಷ್ಟು ಕೈಗಳು, ಒಂದೂ ಮಾತಿಲ್ಲ. "ಯಾರೂ ಕೈ ಎತ್ತಬೇಡಿ, ಹೇಳಬೇಕಾದ್ದನ್ನು ಸುಮ್ಮನೆ ಹೇಳಿಬಿಡಿ" ಎಂದೆ. ಅವರು ನಂಬದೆ ಒಬ್ಬರನ್ನೊಬ್ಬರು ನೋಡಿಕೊಂಡರು, ಆಮೇಲೆ ನಂಬಿದರು. ಸಂತೆಯ ಗದ್ದಲ. ಅದರಲ್ಲಿ ಪ್ರಶ್ನೆಗೆ ಉತ್ತರ ಎಲ್ಲೂ ಇರಲಿಲ್ಲ. ಒಬ್ಬಳ ಅಕ್ಕನಿಗೆ ಮಗುವಾಗಿತ್ತು, ಒಬ್ಬನ ನಾಯಿ ಕಳೆದುಹೋಗಿತ್ತು, ಒಬ್ಬನಿಗೆ ಬೋರ್ಡು ಸರಿಯಾಗಿ ಕಾಣುವುದಿಲ್ಲ ಎಂದು ಆಗಲೇ ನನಗೆ ತಿಳಿಯಿತು. ಹೆಡ್ ಮಿಸ್ ಕಿಟಕಿಯಲ್ಲಿ ಮುಖ ತೋರಿಸಿದರು. ಎಲ್ಲ ಕೈಗಳೂ ಮತ್ತೆ ಮೇಲೆದ್ದವು.

ಪಂಚೆಯನ್ನು ಒಗೆಯಲು ಮನಸ್ಸಾಗಲಿಲ್ಲ. ಒಣಗಿದ ಮೇಲೆ ಹಗಲು ಬೆಳಕಿಗೆ ಹಿಡಿದು ನೋಡಿದೆ. ಮತ್ತಿಯ ಚೌಕಗಳ ಮೇಲೆ ಮಣ್ಣಿನ ಬಣ್ಣ ಕೂತು, ಅದು ಮರದ ತೊಗಟೆಯಂತೆಯೇ ಕಾಣುತ್ತಿರಲಿಲ್ಲ. ಸುಕ್ಕು ಸುಕ್ಕಾದ ದೊಡ್ಡದೊಂದು ಚರ್ಮ ಹತ್ತಿರ, ತೀರ ಹತ್ತಿರ ಬಂದು ನಿಂತಂತಿತ್ತು. ಮಣ್ಣಿನಲ್ಲಿ ಒಂದು ಕೂದಲು ಸಿಕ್ಕಿಕೊಂಡಿತ್ತು, ತಂತಿಯಷ್ಟು ಗಡುಸು. ನಾನು ಬಟ್ಟೆ ತಿಕ್ಕುವ ಮುಂಚೆ ಆನೆಯೂ ಅದೇ ಮರಕ್ಕೆ ಮೈ ತಿಕ್ಕಿಹೋಗಿತ್ತು. ಒಂದು ರೀತಿಯಲ್ಲಿ ನಾವಿಬ್ಬರೂ ಒಂದೇ ಕಸುಬಿನವರು. ತನ್ನ ಕೆಲಸವನ್ನು ಯಾರು ಹಾಳು ಮಾಡುತ್ತಿದ್ದಾರೆ ಎಂದು ನೋಡಲು ತಿರುಗಿ ಬಂದಿತ್ತೋ ಏನೋ.

ಆ ಅಚ್ಚು ನಾನು ಮಾಡಿದ ಚಿತ್ರಗಳಲ್ಲೆಲ್ಲ ಚೆನ್ನಾಗಿದೆ. ನನಗೆ ಹೆದರಿಕೆಯಾಗುವುದು ಅದಕ್ಕೇ. ಸಾಧಾರಣವಾಗಿ ಬಂದಿದ್ದರೆ ಒಲೆಗೆ ಹಾಕಿ ಮರೆಯಬಹುದಿತ್ತು. ಹಾಸನದಲ್ಲಿ ಚಿತ್ರ ಪ್ರದರ್ಶನ ನಡೆಸುವ ಪರಿಚಯದವರೊಬ್ಬರು ಮನೆಗೆ ಬಂದಾಗ ಅದನ್ನು ಕಂಡು ಕುರ್ಚಿಯಿಂದ ಎದ್ದರು, ಈ ಬಣ್ಣ ಹೇಗೆ ತಂದಿರಿ ಎಂದು ಕೇಳಿದರು. "ಅದು ಕೊಡೋದಲ್ಲ" ಎಂದು ವಿನ್ಸೆಂಟ್ ಒಳಗಿನಿಂದಲೇ ಹೇಳಿದರು. ಬೀರುವಿನ ಮೇಲೆ ಸುತ್ತಿಟ್ಟಿದ್ದೇನೆ. ಕಸ ಗುಡಿಸುವಾಗ ಆ ಕಡೆ ಬೆನ್ನು ಮಾಡಲು ಈಗಲೂ ಹಿಂದೆಮುಂದೆ ನೋಡುತ್ತೇನೆ.

ಆಮೇಲೆ ಬಹಳ ದಿನ ಏನನ್ನೂ ಮಾಡಲಿಲ್ಲ. ಬಹಳ ಒಳ್ಳೆಯ ತಾಯಿಯಾಗಿದ್ದೆ. ಜೀನಾ ಹೋದಲ್ಲೆಲ್ಲ ಹಿಂದೆ ಹೋಗುತ್ತಿದ್ದೆ, ಶೂ ಲೇಸು ಎರಡೆರಡು ಸಲ ಕಟ್ಟುತ್ತಿದ್ದೆ, ಕೇಳುವ ಮೊದಲೇ ಉತ್ತರ ಕೊಡುತ್ತಿದ್ದೆ, ಸಾರಿಗೆ ಉಪ್ಪು ಮರೆತು ಸಿಡುಕುತ್ತಿದ್ದೆ. ಅಪ್ಪ ಮಗಳು ಇಬ್ಬರಿಗೂ ಸಾಕಾಯಿತು. ಒಂದು ಮಧ್ಯಾಹ್ನ ವಿನ್ಸೆಂಟ್ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತರು. "ಮನೆ ಹಿಂದಿನ ಹಲಸಿನ ಮರ ಇದೆಯಲ್ಲ, ಅದೇನು ಪಾಪ ಮಾಡಿತ್ತು? ಹೋಗು. ನಾನು ಇಲ್ಲೇ ಇರ್ತೀನಿ" ಎಂದರು. ತಾವೇ ಒಂದು ಪಂಚೆ ತಂದುಕೊಟ್ಟರು. ಅದು ನಿಜಕ್ಕೂ ಹಳೆಯದಲ್ಲ.

ಜೀನಾ ಬರುವುದಿಲ್ಲ ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ನನಗಿಂತ ಮುಂಚೆ ಹೋಗಿ ಮರದ ಬುಡದಲ್ಲಿ ನಿಂತಿದ್ದಳು. "ಕ್ಲಾಸಾ?" ಎಂದಳು.

"ಅಲ್ಲ. ಈಗ ನೀನು ಮಾತಾಡ್ತಾನೇ ಇರಬೇಕು" ಎಂದೆ.

"ಏನು ಮಾತಾಡ್ಲಿ?"

"ಏನಾದ್ರೂ. ನಿಲ್ಲಿಸಬಾರದು ಅಷ್ಟೇ."

ಅವಳಿಗೆ ಇಷ್ಟು ಸುಲಭದ ಪಾಠವನ್ನು ಯಾರೂ ಕೊಟ್ಟಿರಲಿಲ್ಲ. ಮಾತು ಶುರುವಾಯಿತು. ಬೆಕ್ಕು ಮರಿ ಹಾಕುವ ಜಾಗ, ಬಸ್ಸಿನ ಕಂಡಕ್ಟರನ ಮೀಸೆ, ಗಿರಿಜಕ್ಕ ಕೊಟ್ಟ ನೆಲ್ಲಿಕಾಯಿ, ಯೇಸುವಿಗೆ ಕೊಂಕಣಿ ಬರುತ್ತಾ, ಬಂದರೆ ಆಲೂರಿನವರ ಪ್ರಾರ್ಥನೆ ಹೇಗೆ ತಿಳಿಯುತ್ತೆ, ದೊಡ್ಡವಳಾದ ಮೇಲೆ ತಾನು ಜೀಪು ಓಡಿಸಿಕೊಂಡು ವನಗೂರಿಗೆ ಹೋಗುವುದು. ನಾನು ತಿಕ್ಕುತ್ತಿದ್ದೆ. ಕೈಯ ಹದ ಎರಡು ಮಾತಿಗೊಮ್ಮೆ ತಪ್ಪುತ್ತಿತ್ತು. ಹಲಸಿನ ತೊಗಟೆ ಹೇಗೋ ಹಾಗೆ ಬರುತ್ತಿತ್ತು, ಒಂದು ಕಡೆ ಕಪ್ಪು ಹೆಚ್ಚು, ಒಂದು ಕಡೆ ಏನೂ ಇಲ್ಲ. ಬೆನ್ನ ಹಿಂದಿನ ಆ ದನಿ ಇರುವಷ್ಟು ಹೊತ್ತು ನನ್ನ ಬೆನ್ನಿಗೆ ಭಯವಿರಲಿಲ್ಲ.

ಮಾತು ನಿಂತಿತು.

ಕೈಯಲ್ಲಿ ಇದ್ದಿಲಿನ ಉಂಡೆ ಇದ್ದಂತೆಯೇ ತಿರುಗಿದೆ. ಜೀನಾ ಅಲ್ಲೇ ಇದ್ದಳು. ಬಾಯಿ ತುಂಬ ಸೀಬೆಹಣ್ಣು, ಎರಡು ಕೆನ್ನೆಯೂ ಉಬ್ಬಿದ್ದವು. ಮಾತಾಡಲಾರೆ ಎಂದು ಕಣ್ಣಲ್ಲೇ ಕ್ಷಮೆ ಕೇಳಿದಳು. ಅವಳು ನಿಧಾನವಾಗಿ ಅಗಿದು ನುಂಗುವವರೆಗೂ ನಾನು ಆ ಮುಖವನ್ನೇ ನೋಡುತ್ತ ನಿಂತಿದ್ದೆ, ನಾನು ಉಸಿರಾಡಿದ್ದು ಅವಳು ನುಂಗಿದ ಮೇಲೆ. "ಆಮೇಲೆ ಜೀಪಿನ ಟಯರು ಪಂಚರಾಯ್ತು" ಎಂದು ಮುಂದುವರಿಸಿದಳು.

ಈ ಸಲ ಹಾಸನದ ಪ್ರದರ್ಶನಕ್ಕೆ ಹೀಗೆ ಮಾಡಿದ ಬಟ್ಟೆಗಳನ್ನು ಕೊಟ್ಟಿದ್ದೇನೆ: ಹಲಸು, ನೇರಳೆ, ಅಂಗಳದ ನುಗ್ಗೆ. ಬಲ್ಲವರು ನೋಡಿ ತಲೆದೂಗಿದರು, ಆಮೇಲೆ ಮೆಲ್ಲಗೆ ಒಂದು ಕೊರತೆ ಹೇಳಿದರು. ತೊಗಟೆಯ ಅಚ್ಚೇನೋ ಇದೆ, ಆದರೆ ಪ್ರತಿಯೊಂದರಲ್ಲೂ ಒಂದೆರಡು ಕಡೆ ಕೈ ಜಾರಿ, ಕಪ್ಪು ಗೀಟೊಂದು ಚಿತ್ರವನ್ನು ಸೀಳಿಕೊಂಡು ಬಟ್ಟೆಯ ಅಂಚಿನವರೆಗೂ ಓಡಿಹೋಗಿದೆ. ಅದನ್ನು ಅಳಿಸಬಾರದೇ ಎಂದರು. ಅಳಿಸುವುದಿಲ್ಲ ಎಂದೆ. ಅಲ್ಲೆಲ್ಲ ನಾನು ತಿರುಗಿ ನೋಡಿದ್ದೇನೆ.